ಕೈ ಜೋಮು ಹಿಡಿಯುತ್ತಿದೆಯೇ? ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ

ರಾತ್ರಿ ಎರಡೋ ಮೂರೋ ಗಂಟೆ. ಕೈ ಮರಗಟ್ಟಿ ಎಚ್ಚರವಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಸೂಜಿ ಚುಚ್ಚಿದಂತೆ. ಬೆರಳು ಊದಿದಂತೆ ಅನ್ನಿಸುತ್ತದೆ, ದೀಪ ಹಾಕಿ ನೋಡಿದರೆ ಊತವೇನೂ ಕಾಣುವುದಿಲ್ಲ. ಎದ್ದು ಕೂತು, ಹಳೇ ಕಾಲದ ಥರ್ಮಾಮೀಟರ್ ಒದರುವ ಹಾಗೆ ಕೈಯನ್ನು ನಾಲ್ಕು ಸಲ ಒದರಿದರೆ ಜೀವ ಬರುತ್ತದೆ. ಮತ್ತೆ ಮಲಗಿದರೆ ಗಂಟೆಯೊಳಗೆ ಅದೇ ಕಥೆ.

ನಾನು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಸಣ್ಣದೊಂದು ಫಿಸಿಯೊಥೆರಪಿ ಕ್ಲಿನಿಕ್ ನಡೆಸುತ್ತೇನೆ. ಈ ಕಥೆ ಹೇಳಿಕೊಂಡು ಬರುವ ಹೆಂಗಸರು ಅಪರಾಧಿಯನ್ನೂ ಜೊತೆಗೇ ಹಿಡಿದು ತಂದಿರುತ್ತಾರೆ. "ಮೊಬೈಲ್ ಜಾಸ್ತಿ ಆಯ್ತು ಮೇಡಂ." "ದಿನಾ ಸ್ಕೂಟರ್‌ನಲ್ಲಿ ಸಿಲ್ಕ್ ಬೋರ್ಡ್ ದಾಟ್ಬೇಕಲ್ಲ." "ಬಟ್ಟೆ ಹಿಂಡಿ ಹಿಂಡಿ ಹಿಂಗಾಗಿದೆ." ಕೆಲಸಕ್ಕೂ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಳ್ಳುವ ಈ ತೊಂದರೆ, ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್, ಗಂಡಸರಿಗಿಂತ ಹೆಂಗಸರಿಗೆ ಸುಮಾರು 3 ಪಟ್ಟು ಹೆಚ್ಚು. ಗಂಡಸರೂ ಮೊಬೈಲ್ ಹಿಡಿಯುತ್ತಾರೆ, ಅವರೂ ಸಿಲ್ಕ್ ಬೋರ್ಡ್ ದಾಟುತ್ತಾರೆ. ಹಾಗಾಗಿ ಹೆಂಗಸರ ಕೈ ನೋಡುವಾಗ ಹಾರ್ಮೋನು, ಮೈಕಟ್ಟು, ಮಣಿಕಟ್ಟಿನ ಮೂಳೆಯ ಆಕಾರ ಇವನ್ನೂ ವಿಚಾರಿಸಲೇಬೇಕು.

ಇದನ್ನು ನಾನೂ ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೈಲರಿಂಗ್ ಮಾಡುವ ಒಬ್ಬ ಅಕ್ಕನಿಗೆ ಎರಡು ತಿಂಗಳು ಕತ್ತಿನ ವ್ಯಾಯಾಮ, ಕೈಯ ವ್ಯಾಯಾಮ ಮಾಡಿಸಿದೆ. ಕತ್ತರಿ ಹಿಡಿಯುವ ಕೈ, ಇನ್ನೇನು ಕಾರಣ ಬೇಕು ಅನ್ನುವುದು ನನ್ನ ಲೆಕ್ಕಾಚಾರ. ಒಂದು ದಿನ ಆಕೆಯೇ, "ಕೂದಲು ಬಾಚಿದರೆ ಹಿಡಿಹಿಡಿ ಬರ್ತಿದೆ, ಮುಟ್ಟು ಹತ್ತು ದಿನ ನಿಲ್ಲಲ್ಲ, ಮಧ್ಯಾಹ್ನ ಮಿಷನ್ ಮೇಲೇ ನಿದ್ದೆ ಬರತ್ತೆ" ಅಂದರು. ಟಿಎಸ್‌ಎಚ್ ಅನ್ನುವ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದಾಗ ಅದು ಏರಿತ್ತು, ಅಂದರೆ ಥೈರಾಯ್ಡ್ ಗ್ರಂಥಿ ಪೂರಾ ಮಂಕಾಗಿತ್ತು. ನಾನು ಎರಡು ತಿಂಗಳು ಬರೀ ಕೈ ನೋಡಿದ್ದೆ, ಮನುಷ್ಯರನ್ನು ನೋಡಿರಲಿಲ್ಲ.

ಅಂದಿನಿಂದ ಕೈ ಜೋಮಿನ ದೂರು ತಂದವರಿಗೆಲ್ಲ ಒಂದು ಮನೆಕೆಲಸ ಕೊಡುತ್ತೇನೆ. ವೈದ್ಯರ ಹತ್ತಿರ ಹೋಗುವ ಮುಂಚೆ ನಿಮ್ಮ ಮೈಯ ಲೆಕ್ಕವನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಅದನ್ನು ಹೇಗೆ ಬರೆಯಬೇಕು, ಯಾವ ಸಾಲು ಏಕೆ ಮುಖ್ಯ ಅನ್ನುವುದೇ ಈ ಲೇಖನ.

ಅಷ್ಟಕ್ಕೂ ಒಳಗೆ ಆಗುವುದೇನು

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳು ಕಮಾನಿನಂತೆ ಜೋಡಿಸಿಕೊಂಡಿವೆ. ಕಮಾನಿನ ಬಾಯಿಗೆ ಅಡ್ಡಲಾಗಿ ಗಟ್ಟಿಯಾದ ಒಂದು ಪಟ್ಟಿ. ಎರಡೂ ಸೇರಿ ಆದ ಇಕ್ಕಟ್ಟಿನ ಸುರಂಗದಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಒಂದು ನರವೂ ಸಾಗಬೇಕು. ಆ ನರದ ಹೆಸರು ಮೀಡಿಯನ್ ನರ. ಬೆಳಗಿನ ಹೊತ್ತು ಮೆಜೆಸ್ಟಿಕ್‌ಗೆ ಹೋಗುವ ಬಿಎಂಟಿಸಿ ಬಸ್ಸನ್ನು ನೆನೆಸಿಕೊಳ್ಳಿ. ಬಸ್ಸು ಹಿಗ್ಗುವುದಿಲ್ಲ. ಒಳಗಿರುವವರು ಒಂದೊಂದು ಬ್ಯಾಗ್ ಹೆಚ್ಚಿಗೆ ಹಿಡಿದರೂ ಮೂಲೆಯಲ್ಲಿ ನಿಂತ ಮೆತ್ತಗಿನ ಮನುಷ್ಯ ಅಪ್ಪಚ್ಚಿ. ಇಲ್ಲಿ ಆ ಮೆತ್ತಗಿನ ಮನುಷ್ಯ ಅಂದರೆ ನರ. ಕಾರ್ಪಲ್ ಟನಲ್ ಸಿಂಡ್ರೋಮ್ ಅಂದರೆ ಇದೇ.

ಹೀಗಾಗುವುದಕ್ಕೆ ಮೂರು ದಾರಿ. ಬಸ್ಸೇ ಚಿಕ್ಕದಿರಬಹುದು, ಅಂದರೆ ಮೂಳೆಯ ಆಕಾರ. ಒಳಗಿನವರು ಊದಿಕೊಂಡಿರಬಹುದು, ಅಂದರೆ ಹಾರ್ಮೋನು, ನೀರು, ಕೊಬ್ಬು. ಅಥವಾ ಡ್ರೈವರ್ ಪದೇ ಪದೇ ಬ್ರೇಕ್ ಹಾಕುತ್ತಿರಬಹುದು, ಅಂದರೆ ಕೈಯ ಕೆಲಸ. ಹೆಚ್ಚಿನವರಲ್ಲಿ ಒಂದೇ ಕಾರಣ ಇರುವುದಿಲ್ಲ, ಎರಡು ಮೂರು ಸೇರಿರುತ್ತವೆ.

ಮೊದಲ ಕೆಲಸ: ಯಾವ ಬೆರಳು?

ಬಿಳಿ ಹಾಳೆಯ ಮೇಲೆ ಕೈ ಇಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಜೋಮು ಹಿಡಿಯುವ ಜಾಗಕ್ಕೆ ಗೀಚಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನಲ್ಲಿ ನಡುಬೆರಳ ಕಡೆಯ ಅರ್ಧ ಇಷ್ಟು ಮೀಡಿಯನ್ ನರದ ವಠಾರ. ಕಿರುಬೆರಳು ಅದಕ್ಕೆ ಸೇರಿದ್ದಲ್ಲ. ಅಂಗೈಯ ಚರ್ಮಕ್ಕೆ ಹೋಗುವ ಕವಲು ಸುರಂಗಕ್ಕೆ ಮೊದಲೇ ಒಡೆದು ಬೇರೆ ದಾರಿ ಹಿಡಿಯುವುದರಿಂದ ಅಂಗೈಯ ನಡುಭಾಗಕ್ಕೆ ಸಾಮಾನ್ಯವಾಗಿ ಜೋಮು ಬರುವುದಿಲ್ಲ.

"ಎಲ್ಲಾ ಬೆರಳೂ ಮೇಡಂ" ಅನ್ನುವವರೇ ಹೆಚ್ಚು. ಇವತ್ತು ರಾತ್ರಿ ಎಚ್ಚರವಾದಾಗ ಕಿರುಬೆರಳನ್ನು ಬೇರೆಯಾಗಿ ಮುಟ್ಟಿ ನೋಡಿ ಅಂತ ಕಳಿಸುತ್ತೇನೆ. ಮಾರನೇ ದಿನ ಅರ್ಧ ಜನ, "ಇಲ್ಲ, ಅದೊಂದು ಸರಿಯಾಗೇ ಇದೆ" ಅನ್ನುತ್ತಾರೆ. ಬರೀ ಕಿರುಬೆರಳು ಮತ್ತು ಅದರ ಪಕ್ಕದ್ದು ಜೋಮು ಹಿಡಿದರೆ ಅದು ಮೊಣಕೈ ಹತ್ತಿರ ಸಿಕ್ಕಿಕೊಳ್ಳುವ ಇನ್ನೊಂದು ನರದ ವಿಚಾರ. ಕತ್ತಿನಿಂದ ಭುಜದ ಮೂಲಕ ಎಳೆದಂತೆ ನೋವು ಇಳಿದರೆ ಕತ್ತನ್ನು ತೋರಿಸಬೇಕು. ಎರಡೂ ಪಾದವೂ ಉರಿಯುತ್ತಿದ್ದರೆ ಶುಗರ್ ಮತ್ತು ಬಿ12 ನೋಡಿಸಿ. ಬರೀ ಸಸ್ಯಾಹಾರದ ಮನೆಗಳಲ್ಲಿ ಬಿ12 ಕೊರತೆ ಬಹಳ.

ಜೋಮಿಲ್ಲದೆ ಹೆಬ್ಬೆರಳಿನ ಬುಡದಲ್ಲಿ ಬರೀ ನೋವಿದ್ದು, ಮಗುವನ್ನು ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಪ್ರಾಣ ಹೋಗುವಂತಾದರೆ ಅದು ಡಿ ಕ್ವೆರ್ವೇನ್ ಅನ್ನುವ ಬೇರೆ ತೊಂದರೆ. ಬಾಣಂತಿಯರಲ್ಲಿ ಎರಡೂ ಸಾಮಾನ್ಯ, ಎರಡಕ್ಕೂ ಕೈಗೆ ಕಟ್ಟುವ ಪಟ್ಟಿ (ಸ್ಪ್ಲಿಂಟ್) ಬೇರೆ ಬೇರೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಮೊಣಕೈ ಮೇಜಿನ ಮೇಲೂರಿ ಎರಡೂ ಮಣಿಕಟ್ಟನ್ನು ತಾನಾಗಿ ಮುಂದಕ್ಕೆ ಬಾಗಲು ಬಿಡಿ. ಒತ್ತಬೇಡಿ. 60 ಸೆಕೆಂಡ್. ಅಷ್ಟರೊಳಗೆ ಅದೇ ಬೆರಳುಗಳಿಗೆ ಜೋಮು ಬಂದರೆ ಎಷ್ಟನೇ ಸೆಕೆಂಡಿಗೆ ಬಂತು ಅಂತ ಬರೆದಿಡಿ. ಇದು ಫೇಲನ್ ಪರೀಕ್ಷೆ. ಜೋಮು ಬರಲಿಲ್ಲ ಅಂದ ಮಾತ್ರಕ್ಕೆ ರೋಗವಿಲ್ಲ ಅನ್ನುವ ಹಾಗಿಲ್ಲ, ಬಂದ ಮಾತ್ರಕ್ಕೆ ಖಚಿತವೂ ಅಲ್ಲ. ಪುಟದಲ್ಲಿ ಒಂದು ಸಾಲು, ಅಷ್ಟೇ.

ಎರಡನೆಯದು: ಕ್ಯಾಲೆಂಡರ್

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲ ಬರೆದಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನಿಮ್ಮ ಅಡುಗೆಮನೆಯಲ್ಲೂ ಇರಬಹುದು. ಅದೇ ಸಾಕು. ರಾತ್ರಿ ಬಲಗೈಯಿಂದ ಎಚ್ಚರವಾದರೆ ಆ ತಾರೀಕಿನ ಚೌಕದಲ್ಲಿ "ಬ", ಎಡಗೈಯಾದರೆ "ಎ". ಮುಟ್ಟಾದ ದಿನಕ್ಕೆ ಸುತ್ತು ಹಾಕಿ. ಉಂಗುರ ಬಿಗಿಯಾಗಿ ಹೊರಳದ ದಿನಕ್ಕೆ ಒಂದು ಚುಕ್ಕಿ. ನಾಲ್ಕು ವಾರ ಸಾಕು.

ಮೊದಲ ವಾರ ಏನೂ ತಿಳಿಯುವುದಿಲ್ಲ. ನಾಲ್ಕನೇ ವಾರ ನೋಡಿದಾಗ ಕೆಲವರ ಕ್ಯಾಲೆಂಡರಿನಲ್ಲಿ "ಬ"ಗಳೂ ಚುಕ್ಕಿಗಳೂ ಮುಟ್ಟಿನ ಮುಂಚಿನ ದಿನಗಳಲ್ಲೇ ಗುಂಪುಗೂಡಿರುತ್ತವೆ. ಮೈ ನೀರು ಹಿಡಿದುಕೊಳ್ಳುವ ದಿನಗಳವು. ಇನ್ನು ಕೆಲವರಿಗೆ ಮುಟ್ಟಿನ ಸುತ್ತುಗಳೇ ಅಸ್ತವ್ಯಸ್ತ, ಒಂದು ತಿಂಗಳು ಎರಡು ಸಲ, ಆಮೇಲೆ ಮೂರು ತಿಂಗಳು ಇಲ್ಲ. ವಯಸ್ಸು 45 ದಾಟಿ ಹೀಗಿದ್ದರೆ ಮುಟ್ಟು ನಿಲ್ಲುವ ಕಾಲ ಬಂತು ಅಂತ. ಜೋಮು ಆಗಲೇ ಶುರುವಾಗಿದ್ದರೆ ವೈದ್ಯರಿಗೆ ಹೇಳಲೇಬೇಕಾದ ಮಾತು ಅದು.

ಮೂರನೆಯದು: ಹಾರ್ಮೋನಿನ ಇತಿಹಾಸ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಮುಚ್ಚುಮರೆ ಹೆಚ್ಚಿರುವುದು ಇಲ್ಲೇ.

ಬಸುರು. ಗರ್ಭಿಣಿಯ ಮೈಯಲ್ಲಿ ನೀರಿನ ಅಂಶ 6ರಿಂದ 8 ಲೀಟರ್‌ನಷ್ಟು ಹೆಚ್ಚುತ್ತದೆ. ಅದರಲ್ಲಿ ಒಂದಿಷ್ಟು ಮಣಿಕಟ್ಟಿನ ಸುರಂಗಕ್ಕೂ ಸೇರುತ್ತದೆ. ಹಾಗಾಗಿ ಕೊನೆಯ ಮೂರು ತಿಂಗಳಲ್ಲಿ ಎರಡೂ ಕೈ ಜೋಮು ಹಿಡಿಯುವುದು ಸಾಮಾನ್ಯ. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆ ವಾರದೊಳಗೆ ಚರ್ಮಕ್ಕೆ ಅಚ್ಚೊತ್ತತೊಡಗಿದರೆ, "ಬಸುರಿ ಮೈ ತುಂಬಿಕೊಂಡಿದೆ" ಅಂತ ಮನೆಯವರು ಸಂತೋಷಪಡುತ್ತಾರೆ. ಪಡಲಿ. ರಾತ್ರಿ ಮಾತ್ರ ಬಳೆ, ಉಂಗುರ ತೆಗೆದಿಡಿ. ಬಳೆ ತೆಗೆಯಬಾರದು ಅಂತ ಅತ್ತೆಯವರು ಬೇಸರ ಮಾಡಿಕೊಂಡರೆ ಬಿಗಿಯಾದವನ್ನು ಬಿಟ್ಟು ಸಡಿಲವಾದ ಎರಡನ್ನು ಉಳಿಸಿಕೊಂಡರಾಯಿತು.

ಆದರೆ ಒಂದು ಎಚ್ಚರಿಕೆ. ಕೈ ಮತ್ತು ಮುಖ ಇದ್ದಕ್ಕಿದ್ದಂತೆ ಊದಿ, ಜೊತೆಗೆ ತಲೆ ಸಿಡಿತ, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ಅದನ್ನು ಕೈ ಜೋಮಿನ ಲೆಕ್ಕಕ್ಕೆ ಸೇರಿಸಬೇಡಿ. ಬಿಪಿ ಏರಿರಬಹುದು. ಅದೇ ದಿನ, ಅದೇ ಹೊತ್ತು ಹೆರಿಗೆ ಆಸ್ಪತ್ರೆಗೆ ಹೋಗಿ. ಇನ್ನೊಂದು, ಐದು ತಿಂಗಳು ತುಂಬಿದ ಮೇಲೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದು ಬೇಡ. ಬಸುರಿಯರಿಗೆ ಮೊದಲ ಔಷಧ ರಾತ್ರಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಯೇ.

ಹೆರಿಗೆಯ ನಂತರ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎಲ್ಲರಿಗೂ ಅಲ್ಲ. ಹಾಲು ಕುಡಿಸುವಾಗ ಮಗುವಿನ ತಲೆಯನ್ನು ಮಣಿಕಟ್ಟು ಮಡಚಿ ಹಿಡಿದು ಅರ್ಧರ್ಧ ಗಂಟೆ ಕೂರುವುದರಿಂದಲೂ ಜೋಮು ಮುಂದುವರಿಯುತ್ತದೆ. ತೊಡೆಯ ಮೇಲೆ ದಿಂಬಿಟ್ಟು ಮಗುವಿನ ಭಾರ ದಿಂಬಿಗೆ ಬರುವಂತೆ ಮಾಡಿ, ತಲೆ ಮೊಣಕೈಯ ಮಡಿಕೆಯಲ್ಲಿರಲಿ. ಬಾಣಂತನ ಮುಗಿದರೂ ಜೋಮು ಬಿಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಲು ಅದೇ ಒಳ್ಳೆಯ ನೆಪ. ಹೆರಿಗೆಯಾದ ವರ್ಷದಲ್ಲಿ ಅದು ಏರುಪೇರಾಗುವುದುಂಟು.

ಥೈರಾಯ್ಡ್. ಗ್ರಂಥಿ ಮಂಕಾದರೆ ಅಂಗಾಂಶಗಳಲ್ಲಿ ನೀರನ್ನು ಹೀರಿಕೊಳ್ಳುವ ಅಂಟು ಪದಾರ್ಥ ಕೂಡಿಕೊಳ್ಳುತ್ತದೆ. ಸುರಂಗದೊಳಗಿನ ಪೊರೆಗಳೂ ದಪ್ಪಗಾಗುತ್ತವೆ. ಸುಸ್ತು, ಮಲಬದ್ಧತೆ, ಒಣ ಚರ್ಮ, ಹೆಚ್ಚಿನ ಮುಟ್ಟು, ಕಾರಣವಿಲ್ಲದೆ ಏರುವ ತೂಕ, ಇವುಗಳಲ್ಲಿ ಎರಡು ಮೂರು ಇದ್ದರೆ ಪುಟದಲ್ಲಿ ಬರೆಯಿರಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಗೆ ತೆಗೆದುಕೊಳ್ಳುತ್ತೀರಿ ಅನ್ನುವುದನ್ನೂ ಬರೆಯಿರಿ. ನಮ್ಮೂರಿನ ದೊಡ್ಡ ತೊಡಕು ಫಿಲ್ಟರ್ ಕಾಫಿ. ಮಾತ್ರೆ ಬಾಯಿಗೆ, ಹಿಂದೆಯೇ ಲೋಟ. ಕಾಫಿ ಆ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಬರಿ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ 4 ಗಂಟೆ ಅಂತರ. "ವರ್ಷದಿಂದ ಮಾತ್ರೆ ತಗೋತಿದೀನಿ, ಟಿಎಸ್‌ಎಚ್ ಇಳಿದಿಲ್ಲ" ಅನ್ನುವವರಿಗೆ ನಾನು ಮೊದಲು ಕೇಳುವುದು ಕಾಫಿ ಎಷ್ಟು ಹೊತ್ತಿಗೆ ಅಂತ.

ಮುಟ್ಟು ನಿಲ್ಲುವುದು. ಸುರಂಗದ ಪಟ್ಟಿಯಲ್ಲೂ ರಜ್ಜುಗಳ ಸುತ್ತಲಿನ ಪೊರೆಯಲ್ಲೂ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಅನ್ನು ಗುರುತಿಸುವ ಗ್ರಾಹಕಗಳು (ರಿಸೆಪ್ಟರ್) ಇವೆ ಎಂದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳ ಪರೀಕ್ಷೆಯಿಂದ ತಿಳಿದಿದೆ. ಅಂದರೆ ಆ ಹಾರ್ಮೋನು ಏರಿಳಿದಾಗ ಮಣಿಕಟ್ಟಿಗೂ ಸುದ್ದಿ ಮುಟ್ಟುತ್ತದೆ. ನಲವತ್ತೈದರಿಂದ ಅರವತ್ತರ ನಡುವಿನ ಹೆಂಗಸರಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು.

ಗರ್ಭಕೋಶ ತೆಗೆಸಿದವರು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಅಂಡಾಶಯವನ್ನೂ ತೆಗೆದರೋ, ಬಿಟ್ಟರೋ? ಗರ್ಭಕೋಶ ಮಾತ್ರ ಹೋದರೆ ಮುಟ್ಟು ನಿಲ್ಲುತ್ತದೆಯೇ ಹೊರತು ಹಾರ್ಮೋನು ನಿಲ್ಲುವುದಿಲ್ಲ. ಅಂಡಾಶಯವೂ ಹೋದರೆ ರಾತ್ರೋರಾತ್ರಿ ಮುಟ್ಟು ನಿಂತ ಮೈ. ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ. "ಎಲ್ಲಾ ತೆಗೆದ್ರು" ಅನ್ನುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುತ್ತದೆ, ಬೀರುವಿನ ಕವರಿನಿಂದ ಹುಡುಕಿ ತೆಗೆಯಿರಿ.

ಮಾತ್ರೆಗಳು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೊಡುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಗುಂಪಿನ ಮಾತ್ರೆಗಳು ಈಸ್ಟ್ರೋಜನ್ ಅನ್ನು ತೀರಾ ಇಳಿಸುತ್ತವೆ. ಅವುಗಳಿಂದ ಕೀಲುನೋವೂ ಕಾರ್ಪಲ್ ಟನಲ್ ತೊಂದರೆಯೂ ಬರುವುದು ಚೆನ್ನಾಗಿ ದಾಖಲಾಗಿರುವ ವಿಷಯ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಕಿದ್ವಾಯಿಯಲ್ಲೋ ಬೇರೆಲ್ಲೋ ನಿಮ್ಮ ಫಾಲೋಅಪ್ ಇರುವ ಕಡೆ ಹೇಳಿ, ಅವರ ಹತ್ತಿರ ಬೇರೆ ದಾರಿಗಳಿರುತ್ತವೆ. ಗರ್ಭನಿರೋಧಕ ಮಾತ್ರೆ, ಹಾರ್ಮೋನು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೆ ಹೆಸರು, ಶುರುವಾದ ತಿಂಗಳು ಬರೆದಿಡಿ.

ಶುಗರ್ ಮತ್ತು ಸಂಧಿವಾತ ಮೇಲಿನ ಸಾಲಿಗೆ ನೇರ ಸೇರದಿದ್ದರೂ ಬಿಡುವ ಹಾಗಿಲ್ಲ. ಬಸುರಿಯಾಗಿದ್ದಾಗ ಶುಗರ್ ಬಂದು ಹೋಗಿತ್ತೇ? ಬೆಳಗ್ಗೆ ಎದ್ದಾಗ ಎರಡೂ ಕೈಯ ಗೆಣ್ಣುಗಳು ಊದಿ ಒಂದು ಗಂಟೆ ಬಿಗಿದಿರುತ್ತವೆಯೇ? ಎರಡು ಸಾಲು ಬರೆಯಿರಿ.

ನಾಲ್ಕನೆಯದು: ಟೇಪು ಮತ್ತು ಎರಡು ಡಬ್ಬಿ

ಮೈಯ ಅಳತೆಯೆಂದರೆ ಎಲ್ಲರಿಗೂ ತೂಕವೇ ನೆನಪಾಗುತ್ತದೆ. ನಾನು ಮಣಿಕಟ್ಟಿನಿಂದ ಶುರು ಮಾಡುತ್ತೇನೆ.

ಒಂದೇ ಎತ್ತರದ ಎರಡು ಸ್ಟೀಲ್ ಡಬ್ಬಿ ಅಥವಾ ಗಟ್ಟಿ ರಟ್ಟಿನ ಎರಡು ಪುಸ್ತಕ ತೆಗೆದುಕೊಳ್ಳಿ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಗೆರೆಯಿರುವ ಜಾಗದಲ್ಲಿ ಎರಡೂ ಪಕ್ಕಕ್ಕೆ ಡಬ್ಬಿ ತಾಗಿಸಿ, ಕೈ ಮೆಲ್ಲಗೆ ಹೊರತೆಗೆದು ನಡುವಿನ ಅಂತರ ಅಳೆಯಿರಿ. ಇದು ಅಗಲ. ಈಗ ಕೈಕುಲುಕಲು ಚಾಚಿದಂತೆ ಕಿರುಬೆರಳಿನ ಅಂಚು ಮೇಜಿಗೆ ತಾಗುವ ಹಾಗೆ ಕೈ ನಿಲ್ಲಿಸಿ, ಅದೇ ಗೆರೆಯಲ್ಲಿ ಹಿಂದೆ ಮುಂದೆ ಡಬ್ಬಿ ತಾಗಿಸಿ ಅಳೆಯಿರಿ. ಇದು ದಪ್ಪ. ದಪ್ಪವನ್ನು ಅಗಲದಿಂದ ಭಾಗಿಸಿ. ಅಗಲ 52 ಮಿಲಿಮೀಟರ್, ದಪ್ಪ 38 ಆದರೆ ಉತ್ತರ 0.73. ಅಗಲ 54, ದಪ್ಪ 36 ಆದರೆ 0.67. ಉತ್ತರ 0.70 ದಾಟಿದರೆ ಮಣಿಕಟ್ಟು ಚೌಕಾಕಾರ ಅಂತ ಲೆಕ್ಕ, ಅಂಥವರಿಗೆ ಈ ತೊಂದರೆಯ ಸಾಧ್ಯತೆ ಹೆಚ್ಚು. ಎತ್ತರ ಕಡಿಮೆ ಇರುವವರು, ಗಿಡ್ಡ ಅಗಲದ ಅಂಗೈಯವರು ಕೂಡ ಇದೇ ಸಾಲಿಗೆ ಬರುತ್ತಾರೆ.

"ನನ್ನ ಬಳೆ ಎರಡೂ ನಾಲ್ಕೇ, ಅಂದ್ರೆ ಕೈ ಚಿಕ್ಕದು, ಅದಕ್ಕೇ ಇರ್ಬೇಕು" ಅಂತ ಒಬ್ಬರು ಅಂದಿದ್ದರು. ಗಾಂಧಿ ಬಜಾರಿನ ಬಳೆ ಅಂಗಡಿಯಲ್ಲಿ ಕೇಳುವ 2-4, 2-6 ಅನ್ನುವ ಅಳತೆ ಬಳೆಯ ಒಳ ಅಡ್ಡಳತೆ, ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ. ಬಳೆ ದಾಟಬೇಕಾದದ್ದು ಗೆಣ್ಣುಗಳನ್ನು, ಆದ್ದರಿಂದ ಅದು ಗೆಣ್ಣಿನ ಅಳತೆಯೇ ಹೊರತು ಸುರಂಗದ್ದಲ್ಲ. ಆದರೂ ಬಳೆಯಿಂದ ಒಂದು ಉಪಯೋಗವಿದೆ: ವರ್ಷಗಟ್ಟಲೆ ಸಲೀಸಾಗಿ ಜಾರುತ್ತಿದ್ದ ಬಳೆಗೆ ಈಗ ಸೋಪು ಹಚ್ಚಬೇಕಾಗಿದ್ದರೆ ಕೈಯಲ್ಲಿ ನೀರೋ ಕೊಬ್ಬೋ ಸೇರಿದೆ. ಬರೆದುಕೊಳ್ಳಿ.

ಮೂಳೆಯ ಆಕಾರ ಬದಲಾಗುವುದಿಲ್ಲ. ಮತ್ತೇಕೆ ಅಳೆಯಬೇಕು? ತಪ್ಪು ತಮ್ಮದೇ ಅಂತ ಕೊರಗುವ ಹೆಂಗಸರಿಗೆ ಈ ಅಳತೆ ತೋರಿಸಿದಾಗ ಮುಖ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಅಮ್ಮನಿಗೋ ಅಕ್ಕನಿಗೋ ಇದೇ ತೊಂದರೆ ಇತ್ತೇ ಅಂತಲೂ ಕೇಳಿ ನೋಡಿ. ಅವಳಿ ಸಹೋದರಿಯರನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ, ಹೆಂಗಸರಲ್ಲಿ ಈ ತೊಂದರೆಯ ಪಾಲಿನಲ್ಲಿ ಅರ್ಧದ ಹತ್ತಿರ ಅನುವಂಶೀಯ ಎಂದು ಕಂಡಿತ್ತು.

ಇನ್ನು ತೂಕ. ತೂಕವನ್ನು ಕೆಜಿಯಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 152 ಸೆಂಟಿಮೀಟರ್ ಎತ್ತರ, 62 ಕೆಜಿ ಆದರೆ ಬಿಎಂಐ 26.8. ಭಾರತೀಯರಿಗೆ 23ರ ಮೇಲೆ ಹೆಚ್ಚಿನ ತೂಕ, 25ರ ಮೇಲೆ ಬೊಜ್ಜು ಅಂತ ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರಿನ ಒಳಗಿರಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟಾಗ ಅಳೆಯಿರಿ. ಸೀರೆಯ ನೆರಿಗೆ ಸಿಕ್ಕಿಸುವ ಜಾಗದಲ್ಲಿ ಅಲ್ಲ, ಅದು ಕೆಳಗಾಯಿತು.

ತೂಕ ಹೆಚ್ಚಿದಷ್ಟೂ ಅಪಾಯ ಹೆಚ್ಚುವುದು ನಿಜ. ಹಾಗಂತ "ಮೊದಲು ಹತ್ತು ಕೆಜಿ ಇಳಿಸಿ, ಆಮೇಲೆ ಬನ್ನಿ" ಅಂತ ಕಳಿಸುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ರಾತ್ರಿ ನಿದ್ದೆಯಿಲ್ಲದವರು ಬೆಳಗ್ಗೆ ಲಾಲ್‌ಬಾಗಿನಲ್ಲಿ ಎಷ್ಟು ನಡೆದಾರು? ತೂಕ ಇಳಿಸಿದರೆ ಶುಗರ್, ಮಂಡಿ, ಬಿಪಿಗೆ ಒಳ್ಳೆಯದು. ಸಿಕ್ಕಿಕೊಂಡ ನರ ಅದರಿಂದಲೇ ಬಿಡಿಸಿಕೊಳ್ಳುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಕೈಯ ಚಿಕಿತ್ಸೆ ಇವತ್ತೇ ಶುರುವಾಗಲಿ, ತೂಕದ ಕೆಲಸ ಪಕ್ಕದಲ್ಲಿ ನಡೆಯಲಿ.

ಐದನೆಯದು: ರಾತ್ರಿಯ ಪಟ್ಟಿ

ಪುಟ ತುಂಬುವವರೆಗೆ ಸುಮ್ಮನೆ ಕೂರಬೇಕಿಲ್ಲ. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಚಿ ಕೆನ್ನೆಯಡಿಗೆ ಇಟ್ಟುಕೊಳ್ಳುತ್ತೇವೆ. ಮಡಚಿದಾಗ, ಹಿಂದಕ್ಕೆ ಬಾಗಿಸಿದಾಗ ಸುರಂಗದ ಒತ್ತಡ ಹಲವು ಪಟ್ಟು ಏರುತ್ತದೆ. ನೇರವಾಗಿಟ್ಟಾಗ ತೀರಾ ಕಡಿಮೆ. ಅದಕ್ಕೇ ಸ್ಪ್ಲಿಂಟ್, ಮೆಡಿಕಲ್ ಅಂಗಡಿಯವರ ಬಾಯಲ್ಲಿ "ರಿಸ್ಟ್ ಬೆಲ್ಟ್".

ಇದರಲ್ಲೊಂದು ಮೋಸವಿದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಪಟ್ಟಿಗಳ ಒಳಗಿನ ಲೋಹದ ತಗಡು ಕೈ ಹಿಂದಕ್ಕೆ ಬಾಗುವಂತೆ ತಿರುವಿರುತ್ತದೆ. ಮುರಿದ ಕೈಗೆ ಅದು ಸರಿ ಇರಬಹುದು, ನಮಗೆ ಬೇಡ. ತಗಡನ್ನು ಅದರ ಜೇಬಿನಿಂದ ಎಳೆದು, ಮೇಜಿನ ಅಂಚಿಗೆ ಒತ್ತಿ ಬಹುಮಟ್ಟಿಗೆ ನೇರ ಮಾಡಿ ಮತ್ತೆ ತೂರಿಸಿ. ಹಾಕಿಕೊಂಡಾಗ ಮುಂಗೈಯಿಂದ ನಡುಬೆರಳವರೆಗೆ ಒಂದೇ ಗೆರೆ ಬರಬೇಕು. ಬೆರಳುಗಳು ಬುಡದಿಂದ ಮಡಚಲು ಬರಬೇಕು. ವೆಲ್ಕ್ರೋ ಒಳಗೆ ಒಂದು ಬೆರಳು ತೂರುವಷ್ಟು ಸಡಿಲ. ಕ್ರೇಪ್ ಬ್ಯಾಂಡೇಜ್ ಬಿಗಿದು ಸುತ್ತುವುದು ಇದಕ್ಕೆ ಬದಲಿಯಲ್ಲ, ಇಕ್ಕಟ್ಟಿಗೆ ಇನ್ನಷ್ಟು ಇಕ್ಕಟ್ಟು ಅಷ್ಟೇ. ಕಡೇಪಕ್ಷ 6 ವಾರ, ಪ್ರತಿ ರಾತ್ರಿ. ಮೂರು ದಿನ ಹಾಕಿ "ಏನೂ ಆಗ್ಲಿಲ್ಲ" ಅನ್ನಬೇಡಿ.

ಹಗಲಿಗೆ ಕೆಲವು ಮಾತು. ಕೀಬೋರ್ಡಿಗಿಂತ ನಾನು ಹೆಚ್ಚು ಹೆದರುವುದು ಬಲ ಹಾಕಿ ಹಿಡಿಯುವ, ಚಿವುಟುವ, ತಿರುಚುವ ಕೆಲಸಗಳಿಗೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ನಮ್ಮಲ್ಲಿ ಕೈ ಜೋಮಿನವರು ಹೆಚ್ಚುತ್ತಾರೆ ಅಂದರೆ ನಗಬೇಡಿ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಸಿಪ್ಪೆ ಹಾರಿಸಿ ಹಿತಕುವುದಿದೆಯಲ್ಲ, ಎರಡು ಸೇರು ಕಾಳಿಗೆ ಸಾವಿರಾರು ಸಲ ಅದೇ ಚಿವುಟು. ಟಿವಿ ಮುಂದೆ ಮನೆಯವರೆಲ್ಲ ಸುತ್ತ ಕೂತು ಹಿತಕಲಿ, ಸಾರು ಎಲ್ಲರೂ ತಿನ್ನುತ್ತಾರಲ್ಲ. ಬೆಡ್‌ಶೀಟ್ ಹಿಂಡುವ ಬದಲು ನಲ್ಲಿಯ ಮೇಲೆ ನೇತುಹಾಕಿ ಸೋರಲು ಬಿಡಿ. ಸ್ಕೂಟರಿನಲ್ಲಿ ಸಿಗ್ನಲ್ ಬಿದ್ದಾಗಲೆಲ್ಲ ಹಿಡಿ ಸಡಿಲಿಸಿ ಬೆರಳು ಚಾಚಿ. ಹೂ ಕಟ್ಟುವವರು, ಊದುಬತ್ತಿ ಹೊಸೆಯುವವರು, ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವವರು ಕೆಲಸ ಬಿಡಲಾಗದು ಅಂತ ನನಗೆ ಗೊತ್ತು. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಬಿಡಿ, ರಾತ್ರಿಯ ಪಟ್ಟಿಯನ್ನಂತೂ ಬಿಡಬೇಡಿ.

"ನರಕ್ಕೆ ಶಕ್ತಿ ಮಾತ್ರೆ" ಅಂತ ಕೇಳಿ ತರುವ ಬಿ ವಿಟಮಿನ್ ಮಾತ್ರೆಗಳ ಬಗ್ಗೆ ಒಂದೇ ಮಾತು. ಬಿ12 ಕೊರತೆ ಇದ್ದರೆ ಬೇಕು. ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಗಳನ್ನು ಹಾಳುಮಾಡುತ್ತದೆ.

ಕಾಯಬಾರದ ಸಂದರ್ಭ

ಜೋಮು ಬಂದು ಹೋಗುವ ಬದಲು ಹಗಲಿರುಳೂ ಉಳಿದರೆ, ಲೋಟ ಕೈಜಾರಿದರೆ, ರವಿಕೆಯ ಹುಕ್ಕು ಕಣ್ಣಿಂದ ನೋಡದೆ ಹಾಕಲಾಗದಿದ್ದರೆ ನಾಲ್ಕು ವಾರದ ಕ್ಯಾಲೆಂಡರ್ ಬಿಡಿ, ಈ ವಾರವೇ ತೋರಿಸಿ. ಎರಡೂ ಅಂಗೈ ಪಕ್ಕಪಕ್ಕ ಹಿಡಿದು ಹೆಬ್ಬೆರಳಿನ ಬುಡದ ದಿಬ್ಬ ನೋಡಿ. ಒಂದು ಕಡೆ ಚಪ್ಪಟೆಯಾಗಿದ್ದರೆ ಸ್ನಾಯು ಕರಗುತ್ತಿದೆ. ಈ ಹಂತದಲ್ಲಿ ಜೋಮು, ನೋವು ಕಡಿಮೆಯಾದಂತೆ ಅನ್ನಿಸುವುದೂ ಉಂಟು. ವಾಸಿಯಾಯಿತು ಅಂತ ಮೋಸ ಹೋಗಬೇಡಿ.

ಮಣಿಕಟ್ಟು ಮುರಿದ ಮೇಲೆ ಜೋಮು ಗಂಟೆಗಳಲ್ಲಿ ಏರುತ್ತಿದ್ದರೆ ನೇರ ತುರ್ತು ವಿಭಾಗಕ್ಕೆ. ಒಂದು ಕಡೆಯ ಕೈಕಾಲು ಏಕಾಏಕಿ ಸೋತು, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಅದು ಪಾರ್ಶ್ವವಾಯು, 108ಕ್ಕೆ ಫೋನ್ ಮಾಡಿ.

ಪುಟ ಹಿಡಿದುಕೊಂಡು ಎಲ್ಲಿಗೆ?

ಮೂಳೆ ವೈದ್ಯರು, ನರರೋಗ ತಜ್ಞರು, ಕೈ ಶಸ್ತ್ರಚಿಕಿತ್ಸಕರು ಮೂವರೂ ಇದನ್ನು ನೋಡುತ್ತಾರೆ. ಸರ್ಕಾರಿ ಕಡೆಯಲ್ಲಿ ವಿಕ್ಟೋರಿಯಾ, ಬೌರಿಂಗ್, ಸಂಜಯ್ ಗಾಂಧಿ ಆಸ್ಪತ್ರೆ, ನಿಮ್ಹಾನ್ಸ್ ಇವೆ. ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ, ಆದ್ದರಿಂದ ಪುಟದ ಮೇಲ್ತುದಿ ಹೀಗಿರಲಿ: "ವಯಸ್ಸು 47. ಬಲಗೈ, ಹೆಬ್ಬೆರಳಿಂದ ನಡುಬೆರಳು. 5 ತಿಂಗಳಿಂದ, ಕಳೆದ 28 ರಾತ್ರಿಯಲ್ಲಿ 17 ರಾತ್ರಿ ಎಚ್ಚರ. ಒದರಿದರೆ ಹೋಗುತ್ತದೆ. ಮುಟ್ಟು 4 ತಿಂಗಳಿಂದ ಏರುಪೇರು. ಥೈರಾಯ್ಡ್ ಮಾತ್ರೆ 50, ಕೊನೆಯ ಪರೀಕ್ಷೆ ಕಳೆದ ವರ್ಷ. ಬಿಎಂಐ 26.8. ಮಣಿಕಟ್ಟು 0.73. ಅಮ್ಮನಿಗೂ ಇತ್ತು. ರಾತ್ರಿ ಪಟ್ಟಿ 3 ವಾರದಿಂದ." ಇಷ್ಟು ಓದಿದ ವೈದ್ಯರು ಮುಂದಿನ ಪ್ರಶ್ನೆಯನ್ನು ಸರಿಯಾದ ಜಾಗದಲ್ಲೇ ಕೇಳುತ್ತಾರೆ.

ನರ್ವ್ ಕಂಡಕ್ಷನ್, ಅಂದರೆ ನರದ ವೇಗ ಅಳೆಯುವ ಪರೀಕ್ಷೆ ಬರೆದುಕೊಟ್ಟರೆ ಹೆದರಬೇಡಿ. ಸಣ್ಣ ಸಣ್ಣ ಕರೆಂಟಿನ ತಟ್ಟು, ಗಂಟೆಯೊಳಗೆ ಮುಗಿಯುತ್ತದೆ. ಕೈಗೆ ಎಣ್ಣೆ, ಕ್ರೀಮ್ ಹಚ್ಚಿಕೊಂಡು ಹೋಗಬೇಡಿ. ಕೈ ತಣ್ಣಗಿದ್ದರೆ ನರದ ವೇಗ ಸುಳ್ಳಾಗಿ ಕಡಿಮೆ ಕಾಣುತ್ತದೆ. ನಮ್ಮ ಡಿಸೆಂಬರಿನ ಬೆಳಗಿನಲ್ಲಿ ಗಾಡಿಯಲ್ಲಿ ಹೋದವರು ಹತ್ತು ನಿಮಿಷ ಕೈಯನ್ನು ಶಾಲಿನೊಳಗಿಟ್ಟು ಬೆಚ್ಚಗೆ ಮಾಡಿಕೊಳ್ಳಿ. ವರದಿ ನಾರ್ಮಲ್ ಬಂದರೂ ಆರಂಭದ ತೊಂದರೆ ಇಲ್ಲವೆಂದಲ್ಲ.

ಪಟ್ಟಿಯಿಂದ ಸಾಲದಿದ್ದರೆ ಸುರಂಗಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಹಲವು ತಿಂಗಳು ಹಾಯಾಗಿರುತ್ತದೆ, ಶಾಶ್ವತವಲ್ಲದಿರಬಹುದು. ಶುಗರ್ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿ. ಬಸುರಿಗೆ, ಥೈರಾಯ್ಡ್ ಈಗಷ್ಟೇ ಪತ್ತೆಯಾದವರಿಗೆ, ಸ್ನಾಯು ಕರಗದೇ ಇದ್ದರೆ, ಶಸ್ತ್ರಚಿಕಿತ್ಸೆಗೆ ಅವಸರಪಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂಲ ಕಾರಣ ಇಳಿಯಲು ಸಮಯ ಕೊಡಬೇಕು. ದಿಬ್ಬ ಚಪ್ಪಟೆಯಾದವರು ಮಾತ್ರ "ಬೇಸಿಗೆ ರಜೆ ಮುಗೀಲಿ, ಮಗಳ ಮದುವೆ ಮುಗೀಲಿ" ಅಂತ ಮುಂದೂಡಬೇಡಿ.

ಶಸ್ತ್ರಚಿಕಿತ್ಸೆಯೆಂದರೆ ಆ ಅಡ್ಡಪಟ್ಟಿಯನ್ನು ಸೀಳುವುದು. ಸಾಮಾನ್ಯವಾಗಿ ಕೈಗೆ ಮಾತ್ರ ಅರಿವಳಿಕೆ, ಅಂದೇ ಮನೆಗೆ. ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ರಾತ್ರಿಯ ಜೋಮು ಬಹುಬೇಗ ಹೋಗುತ್ತದೆ, ಹಿಡಿತದ ಬಲ ಬರಲು ತಿಂಗಳುಗಳೇ ಬೇಕು, ಅಂಗೈಯ ಬುಡ ಅಷ್ಟು ದಿನವೂ ಒತ್ತಿದರೆ ನೋಯುತ್ತದೆ. ಬೆರಳುಗಳನ್ನು ಮೊದಲ ದಿನದಿಂದಲೇ ಮಡಚಿ ಬಿಚ್ಚುತ್ತಿರಿ. ಮುದ್ದೆ ತಿರುವುವುದು, ಕುಕ್ಕರ್ ಒಂದೇ ಕೈಯಲ್ಲಿ ಇಳಿಸುವುದು ಕಡೇಪಕ್ಷ ಆರು ವಾರ ಮನೆಯ ಬೇರೆಯವರ ಪಾಲಿಗೆ. ಆಪರೇಷನ್ ದಿನಾಂಕ ಗೊತ್ತುಮಾಡುವ ಮುಂಚೆ ಅವರ ಹತ್ತಿರ ಈ ಮಾತು ಆಡಿ ಮುಗಿಸಿಕೊಳ್ಳಿ.